ಎರಡನೆಯವಳು ಬರುವಾಗ ಮೊದಲನೆಯವಳ ಲೆಕ್ಕ

2022ರ ನವೆಂಬರಿನ ಎರಡನೆಯ ವಾರ, ಎರಡನೆಯ ಬಾರಿ ಬಸುರಿಯಾಗಿ ಎಂಟು ವಾರ ತುಂಬಿದ್ದಾಗ, ಶಿವಮೊಗ್ಗದಲ್ಲಿ ನಾನು ತೋರಿಸಿಕೊಳ್ಳಲು ಹೋದ ವೈದ್ಯೆ ನನ್ನ ರಕ್ತದ ಗುಂಪನ್ನು ನೋಡಿದ ಕೂಡಲೇ ಕೇಳಿದ ಪ್ರಶ್ನೆ ಹೊಟ್ಟೆಯಲ್ಲಿದ್ದ ಮಗುವಿಗೆ ಸಂಬಂಧಿಸಿದ್ದಾಗಿರಲಿಲ್ಲ. "ಮೊದಲನೇ ಹೆರಿಗೆ ಆದ್ಮೇಲೆ ಆಂಟಿ-ಡಿ ಇಂಜೆಕ್ಷನ್ ಹಾಕಿದ್ರಾ? ಎಷ್ಟು ಹೊತ್ತಿನೊಳಗೆ ಹಾಕಿದ್ರು?" ಎಂದರು. ಹಾಕಿದ್ದರು ಎಂದೆ. "ಡಿಸ್ಚಾರ್ಜ್ ಸಮ್ಮರಿ ಕೊಡಿ" ಎಂದು ಕೈ ಚಾಚಿದರು. ಐದು ವರ್ಷದ ಹಿಂದಿನ, ಮಡಿಕೆಗಳಲ್ಲಿ ಸವೆದುಹೋಗಿದ್ದ ಆ ಹಾಳೆಯಲ್ಲಿ ಮಗುವಿನ ತೂಕ, ಹೊಲಿಗೆಗಳ ಸಂಖ್ಯೆ, ಕಬ್ಬಿಣಾಂಶದ ಮಾತ್ರೆಯ ಹೆಸರು ಎಲ್ಲವೂ ಇದ್ದವು. ಇಂಜೆಕ್ಷನ್ನಿನ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ.

ನನ್ನದು ಬಿ ನೆಗೆಟಿವ್, ನಮ್ಮವರದು ಬಿ ಪಾಸಿಟಿವ್, 2017ರ ನವೆಂಬರಿನಲ್ಲಿ ಹುಟ್ಟಿದ ಹಿರಿಯ ಮಗಳದು ಅವಳ ಅಪ್ಪನದೇ ಗುಂಪು. ತಾಯಿಯ ರಕ್ತದಲ್ಲಿ ಆರ್‌ಎಚ್ ಎಂಬ ಅಂಶವಿಲ್ಲದೆ (ಅದು ಇದ್ದರೆ ಗುಂಪು ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್) ಮಗುವಿನ ರಕ್ತದಲ್ಲಿ ಇದ್ದರೆ ಮೊದಲ ಬಸುರಿನಲ್ಲಿ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಹೆರಿಗೆಯ ಸಮಯದಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ಅದನ್ನು ಹೊರಗಿನದೆಂದು ತಿಳಿದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಮೊದಲ ಮಗು ಹೊರಬಂದು ಸುರಕ್ಷಿತವಾಗಿರುತ್ತದೆ. ಪೆಟ್ಟು ಬೀಳುವುದು ಅದರ ನಂತರ ಬರುವ ಪಾಸಿಟಿವ್ ಮಗುವಿಗೆ: ತಾಯಿಯ ಪ್ರತಿಕಾಯಗಳು ಕರುಳಬಳ್ಳಿಯ ಮೂಲಕ ಒಳಹೋಗಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ರಕ್ತಹೀನತೆ, ತೀವ್ರವಾದ ಕಾಮಾಲೆ, ಕೆಲವೊಮ್ಮೆ ಹೊಟ್ಟೆಯಲ್ಲಿಯೇ ಮಗುವಿನ ಸಾವು ಸಂಭವಿಸಬಹುದು. ಮೊದಲ ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಕೊಟ್ಟರೆ ತಾಯಿಯ ದೇಹ ಆ ಪಾಠವನ್ನು ಕಲಿಯುವ ಮೊದಲೇ ಮಗುವಿನ ಕಣಗಳು ತೊಡೆದುಹೋಗುತ್ತವೆ. ನಮ್ಮ ಅಜ್ಜಿಯಂದಿರ ಕಾಲದಲ್ಲಿ "ಅವಳಿಗೆ ಮೊದಲನೆಯದೊಂದೇ ನಿಂತದ್ದು, ಆಮೇಲಿನವು ಒಂದೂ ಉಳಿಯಲಿಲ್ಲ" ಎಂದು ಹೇಳುತ್ತಿದ್ದ ಎಷ್ಟು ಮನೆಗಳಲ್ಲಿ ಇದೇ ಕಾರಣವಿತ್ತೋ ಎಂದು ಆ ದಿನ ಮೊದಲ ಸಲ ಯೋಚಿಸಿದೆ.

ಇಂಜೆಕ್ಷನ್ ಹಾಕಿದ್ದರೆಂಬ ನನ್ನ ನೆನಪು ಖಚಿತವಾಗಿತ್ತು. ಏಕೆಂದರೆ ಅದು ಸುಲಭವಾಗಿ ಸಿಕ್ಕಿದ್ದಲ್ಲ. ಮೊದಲ ಹೆರಿಗೆ ವಾಡಿಕೆಯಂತೆ ತವರಿನ ಕಡೆ, ತೀರ್ಥಹಳ್ಳಿ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಗಿತ್ತು. ಮಗುವಿನ ಗುಂಪು ಪಾಸಿಟಿವ್ ಎಂದು ತಿಳಿದ ಮೇಲೆ, ಇಂಜೆಕ್ಷನ್ ತಮ್ಮಲ್ಲಿ ಮುಗಿದಿದೆ, ಹೊರಗಿನಿಂದ ತರಿಸಿ ಎಂದು ಅಲ್ಲಿಯವರು ಹೇಳಿದರು. ಒಂಬತ್ತು ತಿಂಗಳು ನನ್ನ ಗುಂಪು ಗೊತ್ತಿದ್ದವರು ಹೆರಿಗೆಯಾದ ಮೇಲೆ ಹೀಗೆ ಹೇಳುವುದು ಸರಿಯೇ ಎಂದು ಕೇಳುವ ಚೈತನ್ಯ ಆಗ ಯಾರಿಗೂ ಇರಲಿಲ್ಲ. ನಮ್ಮವರು ಅಪ್ಪಯ್ಯನ ಕಾಫಿ ಫ್ಲಾಸ್ಕನ್ನು ತೊಳೆದುಕೊಂಡು ಅರುವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬೈಕಿನಲ್ಲಿ ಹೋದರು. ದುರ್ಗಿಗುಡಿಯ ನಾಲ್ಕಾರು ಔಷಧದ ಅಂಗಡಿಗಳಲ್ಲಿ ಇಲ್ಲವೆನಿಸಿಕೊಂಡು, ಕೊನೆಗೆ ಮೆಗ್ಗಾನ್ ಆಸ್ಪತ್ರೆಯ ಆಸುಪಾಸಿನ ಅಂಗಡಿಯೊಂದರಲ್ಲಿ ಸಿಕ್ಕಿ, ಫ್ಲಾಸ್ಕಿನಲ್ಲಿ ಮಂಜುಗಡ್ಡೆಯ ಚೂರುಗಳ ನಡುವೆ ಇಟ್ಟುಕೊಂಡು ಮರಳಿದರು. ಆ ಔಷಧವನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಯೇ ಇಡಬೇಕು. ಹಾಕಿಸಿಕೊಂಡಾಗ ಹೆರಿಗೆಯಾಗಿ ಎರಡೂವರೆ ದಿನ ಕಳೆದಿತ್ತು.

ಬಾಯಿಮಾತಿಗೆ ವೈದ್ಯೆ ಒಪ್ಪಲಿಲ್ಲ, ಒಪ್ಪಬಾರದೂ ಕೂಡ. ಆ ರಾತ್ರಿ ಮಲಗುವ ಕೋಣೆಯ ಅಟ್ಟದಿಂದ ಎರಡು ಟ್ರಂಕುಗಳು ಕೆಳಗಿಳಿದವು. ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಕಚೇರಿಯಲ್ಲಿ ಎಂಟು ವರ್ಷದ ಹಿಂದಿನ ವೋಚರನ್ನೂ ಐದು ನಿಮಿಷದಲ್ಲಿ ಹುಡುಕಿಕೊಡಬಲ್ಲೆ, ಮನೆಯ ಕಾಗದಗಳ ವಿಷಯದಲ್ಲಿ ಮಾತ್ರ ದೇವರೇ ಗತಿ. ಹನ್ನೊಂದು ಗಂಟೆಗೆ ಅಡುಗೆ ಅನಿಲದ ಸಂಪರ್ಕದ ಪತ್ರಗಳ ಜೊತೆ ಪಿನ್ ಹೊಡೆದಿದ್ದ ಒಂದು ಬಿಲ್ಲು ಸಿಕ್ಕಿತು: ಔಷಧದ ಹೆಸರು, 300 ಮೈಕ್ರೋಗ್ರಾಂ ಎಂಬ ಅಳತೆ, ಬ್ಯಾಚ್ ಸಂಖ್ಯೆ, ದಿನಾಂಕ. ನಮ್ಮವರು ಅದನ್ನು ದೀಪದ ಬೆಳಕಿಗೆ ಹಿಡಿದು, ಅಳಿಸಿಹೋಗುವುದರಲ್ಲಿದ್ದ ಅಕ್ಷರಗಳ ಮೇಲೆಯೇ ಮೊಬೈಲಿನಲ್ಲಿ ಮೂರು ಚಿತ್ರ ತೆಗೆದರು.

ಮರುದಿನ ವೈದ್ಯೆ ಬಿಲ್ಲನ್ನು ನೋಡಿ ನಕ್ಕು, "ತಂದಿದ್ದಕ್ಕೆ ಸಾಕ್ಷಿ ಆಯ್ತು, ಕೆಲಸ ಮಾಡಿದ್ದಕ್ಕೆ ರಕ್ತವೇ ಸಾಕ್ಷಿ ಹೇಳ್ಬೇಕು" ಎಂದು ಪರೀಕ್ಷೆಗೆ ಬರೆದುಕೊಟ್ಟರು. ಅದನ್ನು ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಎನ್ನುತ್ತಾರೆ; ತಾಯಿಯ ರಕ್ತದಲ್ಲಿ ಆ ಪ್ರತಿಕಾಯಗಳು ಹುಟ್ಟಿಕೊಂಡಿವೆಯೇ ಎಂದು ಅದು ಹೇಳುತ್ತದೆ. ವರದಿ ಬರುವವರೆಗಿನ ಒಂದೂವರೆ ದಿನ ನಾನು ಬಸುರಿ ಎಂದು ಯಾರಿಗೂ ಹೇಳಲಿಲ್ಲ. ಫಲಿತಾಂಶ ನೆಗೆಟಿವ್ ಬಂತು. ಬದುಕಿನಲ್ಲಿ ಆ ಶಬ್ದ ಅಷ್ಟು ಹಿತವಾಗಿ ಕೇಳಿಸಿದ್ದು ಅದೊಂದೇ ಸಲ. ಆರ್‌ಎಚ್ ನೆಗೆಟಿವ್ ಆಗಿರುವ ಹೆಂಗಸರಿಗೆ ಅವರು ಕೇಳದೆಯೇ ನಾನು ಕೊಡುವ ಸಲಹೆ ಇದೊಂದೇ: ಇಂಜೆಕ್ಷನ್ ಹಾಕಿದ ದಿನ, ಗಂಟೆ, ಬ್ಯಾಚ್ ಸಂಖ್ಯೆಗಳನ್ನು ಆಸ್ಪತ್ರೆಯ ಹಾಳೆಯ ಮೇಲೆ ಬರೆಸಿಕೊಳ್ಳದೆ ಮನೆಗೆ ಬರಬೇಡಿ. ಗರ್ಭಪಾತವಾದರೂ ಈ ಇಂಜೆಕ್ಷನ್ನಿನ ವಿಚಾರವನ್ನು ವೈದ್ಯರಲ್ಲಿ ಕೇಳಲೇಬೇಕೆಂಬುದು ನನಗೂ ಈ ಸಲವೇ ತಿಳಿದದ್ದು.

ಹಿರಿಯಳಿಗೆ ನಾಲ್ಕನೆಯ ತಿಂಗಳಿನಲ್ಲಿ ಹೇಳಿದೆವು. ಆಗ ಅವಳು ಯುಕೆಜಿ. ನಾನು ಎದುರುನೋಡಿದ್ದು ಸಂತೋಷವನ್ನೋ ಅಳುವನ್ನೋ, ಅವಳು ಸ್ವಲ್ಪ ಹೊತ್ತು ಯೋಚಿಸಿ, "ಪಾಪು ಯಾವ್ ಕಡೆ ಮಲಗತ್ತೆ?" ಎಂದಳು. ನಮ್ಮ ಮಂಚದಲ್ಲಿ ಗೋಡೆಯ ಕಡೆಗೆ ನಾನು, ನಡುವೆ ಅವಳು, ಈಚೆಗೆ ಅವಳ ಅಪ್ಪ. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ವಾರ ಯೋಚಿಸಿ ಮಾಡಿದ ತೀರ್ಮಾನವೆಂದರೆ, ಜಾಗ ಬದಲಾಗುವುದಿದ್ದರೆ ಅದು ಮಗು ಬರುವುದಕ್ಕಿಂತ ಬಹಳ ಮೊದಲೇ ಬದಲಾಗಬೇಕು, ಪಾಪು ಬಂದದ್ದರಿಂದ ನನ್ನ ಜಾಗ ಹೋಯಿತು ಎಂಬ ಲೆಕ್ಕ ಅವಳ ಮನಸ್ಸಿನಲ್ಲಿ ಬೀಳಬಾರದು ಎಂದು. ಸಂಕ್ರಾಂತಿ ಕಳೆದ ಮೇಲೆ ಮಂಚಕ್ಕೆ ತಾಗಿಸಿ ಒಂದು ಚಿಕ್ಕ ಮಂಚ ಹಾಕಿದೆವು. ಅದರ ಮೇಲೆ ಅವಳೂ, ದೊಡ್ಡ ಮಂಚದ ಅಂಚಿನಲ್ಲಿ ಅವಳ ಕೈಹಿಡಿದುಕೊಂಡು ಅವಳ ಅಪ್ಪನೂ ಮಲಗುವುದು ರೂಢಿಯಾಗಲು ಪೂರ್ತಿ ಎರಡು ತಿಂಗಳು ಬೇಕಾಯಿತು.

ಮನೆಯೊಳಗೆ ನಾವು ಇಷ್ಟು ಜತನದಿಂದ ಕಟ್ಟಿದ್ದನ್ನು ಮನೆಗೆ ಬಂದವರು ಒಂದು ಮಾತಿನಲ್ಲಿ ಕೆಡವುತ್ತಿದ್ದರು. "ಇನ್ನು ನಿನ್ನನ್ನ ಯಾರೂ ಕೇಳೋರಿಲ್ಲ ನೋಡು", "ಅಮ್ಮ ಇನ್ಮೇಲೆ ಪಾಪುಗೆ, ನಿನಗಿಲ್ಲ" ಎಂದು ಮಗುವಿನ ಗಲ್ಲ ಹಿಂಡಿ ನಗುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಹೇಳಿದವರಿಗೆ ತಾವು ಏನು ಹೇಳಿದೆವೆಂಬುದೂ ನೆನಪಿರುವುದಿಲ್ಲ. ಮೊದಮೊದಲು ನಾನು ನಕ್ಕು ಸುಮ್ಮನಾಗುತ್ತಿದ್ದೆ. ಒಂದು ದಿನ, ಹಾಗೆಂದವರು ಹೋದ ಮೇಲೆ, ಅವಳು ಸೋಫಾದ ಹಿಂದೆ ಕುಳಿತು ತನ್ನ ಹಳೆಯ ಗೊಂಬೆಗೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಿರುವುದು ಕೇಳಿಸಿತು. ಅಂದಿನಿಂದ ಎದುರಿಗಿರುವವರು ಎಷ್ಟೇ ಹಿರಿಯರಾಗಿರಲಿ, "ಹಾಗೆ ಹೇಳ್ಬೇಡಿ, ಅವಳು ನಿಜ ಅಂದ್ಕೋತಾಳೆ" ಎಂದು ಅಲ್ಲಿಯೇ ಹೇಳತೊಡಗಿದೆ. ಇಬ್ಬರು ಮುನಿಸಿಕೊಂಡರು, ಅದರಿಂದ ಏನೂ ನಷ್ಟವಾಗಲಿಲ್ಲ.

ಬಾಣಂತನ ಎಲ್ಲಿ ಎಂಬ ಪ್ರಶ್ನೆಯನ್ನೂ ಕೊನೆಗೆ ಇತ್ಯರ್ಥ ಮಾಡಿದ್ದು ಹಿರಿಯಳೇ. ಹೆರಿಗೆ 2023ರ ಜೂನ್ ಮೂರನೆಯ ವಾರಕ್ಕೆಂದು ಲೆಕ್ಕ ಹಾಕಿದ್ದರು. ಮೇ ಕೊನೆಯಲ್ಲಿ ಅವಳಿಗೆ ಒಂದನೇ ತರಗತಿ ಶುರು. ನಾನು ತವರಿಗೆ ಹೋದರೆ ಅವಳು ಹೊಸ ಶಾಲೆಯ ಮೊದಲ ಮೂರು ತಿಂಗಳು ತಾಯಿಯಿಲ್ಲದೆ ಕಳೆಯಬೇಕು, ಕರೆದುಕೊಂಡು ಹೋದರೆ ಶಾಲೆ ತಪ್ಪಬೇಕು. ಆದ್ದರಿಂದ ನಾನು ಶಿವಮೊಗ್ಗದಲ್ಲಿಯೇ ಉಳಿದು, ಅಮ್ಮನೇ ಇಲ್ಲಿಗೆ ಬರುವುದೆಂದಾಯಿತು. ಹೇಳುವುದಕ್ಕೆ ಸುಲಭ. ಮಳೆಗಾಲದ ಆರಂಭವೆಂದರೆ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಕಾಲ; ಮರ ಹತ್ತುವ ಕೊನೆಗಾರರು ಸಿಗುವುದು ಅವರ ಅನುಕೂಲಕ್ಕೆ, ಅವರು ಬಂದ ದಿನ ಊಟ-ತಿಂಡಿ ಆಗಲೇಬೇಕು. ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು. ಅಮ್ಮ ಆ ಮನೆಯನ್ನು ಚಿಕ್ಕಮ್ಮನ ಸುಪರ್ದಿಗೆ ಒಪ್ಪಿಸಿ, ನಡುನಡುವೆ ತಾನೂ ಹೋಗಿಬರುವ ಮಾತಾಡಿಕೊಂಡಳು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆ ಜೂನ್ 11ರಂದೇ ಆರಂಭವಾಯಿತು. ನಮ್ಮ ಮಲೆನಾಡಿನ ದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳಾದ್ದರಿಂದ ಅಮ್ಮ ಟಿಕೆಟ್ಟು ತೆಗೆದುಕೊಂಡೇ ಓಡಾಡಿದಳು.

28 ವಾರ ತುಂಬಿದ್ದು ಯುಗಾದಿ ಕಳೆದ ಮರುವಾರ. ಆಗ ಇನ್ನೊಮ್ಮೆ ಅದೇ ಕೂಂಬ್ಸ್ ಪರೀಕ್ಷೆ, ಅದೇ ಫಲಿತಾಂಶ, ಅದಾದ ಮೇಲೆ ಮುಂಜಾಗ್ರತೆಯ ಆಂಟಿ-ಡಿ. ಆ ದಿನ ಶಾಲೆಗೆ ರಜೆಯಿದ್ದುದರಿಂದ ಹಿರಿಯಳೂ ಜೊತೆಗಿದ್ದಳು. ಆ ಔಷಧಿ ಯಾರು ಮಾಡಿದ್ದು ಎಂದು ಕೇಳಿದಳು. ಕಾರ್ಖಾನೆಯಲ್ಲಿ ಮಾಡುತ್ತಾರೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದು ಬಹಳಮಟ್ಟಿಗೆ ದಾನಿಗಳ ರಕ್ತದ ಪ್ಲಾಸ್ಮಾದಿಂದ ತಯಾರಾಗುವಂಥದು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರ ರಕ್ತದಲ್ಲಿ ಈ ಪ್ರತಿಕಾಯ ಹೇರಳವಾಗಿತ್ತು. 2018ರಲ್ಲಿ ವಯೋಮಿತಿಯ ಕಾರಣದಿಂದ ನಿಲ್ಲಿಸುವ ತನಕ ಅವರು 1,173 ಬಾರಿ ದಾನ ಮಾಡಿದ್ದರು. ದೂರದ ಊರಿನ ಒಬ್ಬ ಅಜ್ಜ ಪಾಪುಗಳಿಗಾಗಿ ಸಾವಿರಕ್ಕಿಂತ ಹೆಚ್ಚು ಸಲ ಸೂಜಿ ಚುಚ್ಚಿಸಿಕೊಂಡರು ಎಂದೆ. "ಅಳಲಿಲ್ವಾ?" ಎಂದಳು. ಇಲ್ಲವಂತೆ ಎಂದೆ. ಈ ಮಾತು ಅವಳಲ್ಲಿ ಎಲ್ಲಿಯೋ ಉಳಿಯಿತೆಂಬುದು ನನಗೆ ಗೊತ್ತಾದದ್ದು ಆಗಸ್ಟಿನಲ್ಲಿ.

ಏಪ್ರಿಲ್ ರಜೆಯಲ್ಲಿ ತವರಿಗೆ ಹೋಗಿಬರುವಾಗ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಇಳಿದೆವು. ಆನೆಯ ಮರಿ ತಾಯಿಯ ಹೊಟ್ಟೆಯಲ್ಲಿ ಸುಮಾರು 22 ತಿಂಗಳು ಇರುತ್ತದೆ ಎಂದು ಅವಳ ಅಪ್ಪ ಹೇಳಿದ್ದೇ ಅವಳಿಗೆ ಬಹಳ ಸಮಾಧಾನವಾಯಿತು. ಅಲ್ಲಿಯವರೆಗೆ ಒಂಬತ್ತು ತಿಂಗಳು ಮುಗಿಯುವುದೇ ಇಲ್ಲವೆಂದು ದೂರುತ್ತಿದ್ದವಳು, ಅಂದಿನಿಂದ ಕೇಳಿದವರಿಗೆಲ್ಲ, "ನಮ್ಮದು ಬೇಗ" ಎನ್ನತೊಡಗಿದಳು.

ಕಚೇರಿಯ ರಜೆಯಲ್ಲಿ ತಕರಾರೇನೂ ಆಗಲಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ಪ್ರಕಾರ ಹೆರಿಗೆ ರಜೆ 26 ವಾರ; ಆಗಲೇ ಇಬ್ಬರು ಮಕ್ಕಳಿರುವವರಿಗೆ 12 ವಾರ ಮಾತ್ರ. ಎರಡನೆಯದಕ್ಕೂ ಪೂರ್ತಿ ಸಿಗುತ್ತದೆಂಬುದು ನಮ್ಮ ಕಚೇರಿಯ ಹಲವರಿಗೆ ತಿಳಿದಿರಲಿಲ್ಲ. ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ತೆಗೆದುಕೊಳ್ಳಬಹುದಾದರೂ ನಾನು ಮೂರೇ ವಾರ ತೆಗೆದುಕೊಂಡೆ. ಆ ಮೂರು ವಾರವೂ ಹೊಟ್ಟೆಯ ಮಗುವಿಗಿಂತ ಒಂದನೇ ತರಗತಿಯ ಪುಸ್ತಕಗಳಿಗೆ ರಟ್ಟು ಹಾಕುವುದರಲ್ಲಿ, ಬೆಳಿಗ್ಗೆ ಗೇಟಿನವರೆಗೆ ಕೈಹಿಡಿದು ಹೋಗಿಬರುವುದರಲ್ಲಿ ಕಳೆಯಿತು. ಆ ವರ್ಷ ಮಳೆ ತಡವಾಗಿತ್ತು. ಜೂನ್ ಅರ್ಧ ಕಳೆದರೂ ಬಿಸಿಲು ಸುಡುತ್ತಿತ್ತು.

ಜೂನ್ 19, ಸೋಮವಾರ, ಬೆಳಗಿನ ಜಾವ ಮೂರಕ್ಕೆ ನೋವು ಕಾಣಿಸಿತು. ಮೊದಲನೆಯ ಸಲ ಹದಿನಾಲ್ಕು ಗಂಟೆ ಹಿಡಿದಿದ್ದ ಹೆರಿಗೆ ಈ ಸಲ ನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ಎರಡನೆಯದು ಬೇಗ ಎಂದು ಅಮ್ಮ ಎಚ್ಚರಿಸಿದ್ದರಿಂದ ಚೀಲ ಬಾಗಿಲ ಬಳಿಯೇ ಇತ್ತು. ಹೊರಡುವಾಗ ಮಲಗಿದ್ದ ಹಿರಿಯಳನ್ನು ಎಬ್ಬಿಸಿ ಹೇಳಿ ಹೊರಟೆವು. ನಿದ್ದೆ ಕೆಡಿಸಬೇಡ ಎಂದು ಅಮ್ಮ ಹೇಳಿದಳು. ಎದ್ದಾಗ ತಾಯಿ ಮಾಯವಾಗಿರುವುದಕ್ಕಿಂತ ನಿದ್ದೆ ಕೆಡುವುದೇ ಲೇಸು ಎಂದು ನನಗೆ ಅನ್ನಿಸಿತು. "ಬರೋವಾಗ ಪಾಪುನ ತರ್ತೀಯಲ್ಲ?" ಎಂದು ಕೇಳಿ ಮತ್ತೆ ಮಲಗಿಕೊಂಡಳು.

ಮಗು ಹುಟ್ಟಿದ ಕೂಡಲೇ ಕರುಳಬಳ್ಳಿಯ ರಕ್ತವನ್ನು ತೆಗೆದು ಗುಂಪು ಮತ್ತು ಡೈರೆಕ್ಟ್ ಕೂಂಬ್ಸ್ ಪರೀಕ್ಷೆಗೆ ಕಳಿಸಿದರು. ಇವಳೂ ಬಿ ಪಾಸಿಟಿವ್. ಪ್ರತಿಕಾಯಗಳು ಇವಳ ರಕ್ತಕಣಗಳಿಗೆ ಅಂಟಿರಲಿಲ್ಲ. ಈ ಸಲ ಇಂಜೆಕ್ಷನ್ ಮೊದಲೇ ತಂದು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇರಿಸಿದ್ದೆವು, ಸಂಜೆಯೊಳಗೆ ಹಾಕಿದರು, ನಮ್ಮವರು ನರ್ಸಿನ ಪಕ್ಕದಲ್ಲಿಯೇ ನಿಂತು ಗಂಟೆ, ಬ್ಯಾಚ್ ಸಂಖ್ಯೆ ಬರೆಸಿಕೊಂಡರು. ಮೂರನೆಯ ದಿನ ಮಗುವಿನ ಮೈ ಹಳದಿಯಾದಾಗ ನನ್ನ ಎದೆ ಮತ್ತೆ ಧಸಕ್ಕೆಂದಿತು. ಕಾಮಾಲೆಯ ಪ್ರಮಾಣ ತೋರಿಸುವ ಬಿಲಿರುಬಿನ್ ಹದಿನೇಳರ ಹತ್ತಿರ ಬಂದಿತ್ತು. ಕೂಂಬ್ಸ್ ನೆಗೆಟಿವ್ ಇರುವುದರಿಂದ ಇದು ಬಹಳ ಶಿಶುಗಳಿಗೆ ಬರುವ ಸಾಮಾನ್ಯ ಕಾಮಾಲೆ ಎಂದು ಮಕ್ಕಳ ವೈದ್ಯರು ಹೇಳಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಶಾಲೆಯಿಂದ ನೇರವಾಗಿ ಬಂದ ಹಿರಿಯಳು ತಂಗಿಯನ್ನು ಮೊದಲು ನೋಡಿದ್ದು ಹೀಗೆ. ಗಾಜಿಗೆ ಮೂಗು ಒತ್ತಿ ನೋಡಿ, "ಕಣ್ಣಾಮುಚ್ಚಾಲೆ ಆಡಿಸ್ತಿದಾರಾ?" ಎಂದಳು. ಒಂದು ದಿನದಲ್ಲಿ ಅದು ಹನ್ನೆರಡಕ್ಕೆ ಇಳಿಯಿತು.

ಎರಡನೆಯದೂ ಹೆಣ್ಣೆಂದು ತಿಳಿದವರಲ್ಲಿ ಕೆಲವರು ಆಡಿದ ಸಮಾಧಾನದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮಗುವಿನ ಹೆಸರು ಬರೆದುಕೊಳ್ಳಲು ಬಂದ ಅಂಗನವಾಡಿ ಕಾರ್ಯಕರ್ತೆ ಮಾತ್ರ, ಮಾತೃವಂದನಾ ಯೋಜನೆಯಲ್ಲಿ ಈಗ ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಕೊಡುತ್ತಾರೆಂದು ಸಂಭ್ರಮದಿಂದ ಹೇಳಿದರು. ವೇತನಸಹಿತ ರಜೆ ಸಿಗುವ ನನ್ನಂಥವಳಿಗೆ ಅದು ಅನ್ವಯಿಸುವುದಿಲ್ಲ. ಆದರೂ ಆ ವಾರ ಬಂದವರಲ್ಲಿ ಎರಡನೆಯ ಹೆಣ್ಣೆಂಬುದಕ್ಕಾಗಿಯೇ ಮುಖ ಅರಳಿಸಿದವರು ಅವರೊಬ್ಬರೇ.

ಬಾಣಂತನ ಅಮ್ಮನ ಪಾಲಿಗೆ ಒಂದು ಹೋರಾಟವಾಗಿತ್ತು. ತವರಿನ ಬಚ್ಚಲಲ್ಲಿ ಒಲೆ ಹೊತ್ತಿಸಿ ಹಂಡೆಯ ಸುಡುನೀರನ್ನು ಎರೆದ ಕೈಗೆ ಗೀಸರಿನ ನೀರು "ಸುಡ್ತದೆ, ಕಾಯೋದಿಲ್ಲ" ಎಂಬಂತೆ ಕಾಣುತ್ತಿತ್ತು. ದಾವಣಗೆರೆ ಕಡೆಯಿಂದ ಅತ್ತೆಯವರು ಎರಡು ಡಬ್ಬಿ ಅಂಟಿನುಂಡೆ ಮಾಡಿ ತಂದರು. ಅಮ್ಮನ ನಂಬಿಕೆ ಕಾಳುಮೆಣಸಿನ ಸಾರು ಮತ್ತು ಹುರಿದ ಬೆಳ್ಳುಳ್ಳಿಯ ಮೇಲೆ. ನಾನು ಎರಡನ್ನೂ ತಿಂದೆ. ಬಾಣಂತಿ ನೀರು ಕುಡಿಯಬಾರದು ಎಂಬುದೊಂದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಹಾಲುಣಿಸುವವಳು ಬಾಯಾರಿದಾಗಲೆಲ್ಲ ಕುಡಿಯಬೇಕೆಂದು ವೈದ್ಯೆಯ ಬಾಯಿಂದಲೇ ಫೋನಿನಲ್ಲಿ ಹೇಳಿಸಬೇಕಾಯಿತು. ಜುಲೈನಲ್ಲಿ ಮಳೆ ಹಿಡಿದ ಮೇಲೆ ಮಗುವಿನ ಬಟ್ಟೆ ಒಣಗದೆ, ಅಡುಗೆಮನೆಯ ತುಂಬ ಹಗ್ಗ ಕಟ್ಟಿದೆವು.

ಹಿರಿಯಳು ಮೊದಲ ಮೂರು ವಾರ ಬಹಳ ಜಾಣೆಯಾಗಿದ್ದಳು. ಬಂದವರೆಲ್ಲ ಹೊಗಳಿದರು, ಅಷ್ಟು ಜಾಣತನ ನನಗೇಕೋ ಸರಿಬರಲಿಲ್ಲ. ನಾಲ್ಕನೆಯ ವಾರದಲ್ಲಿ, ಎರಡೂವರೆ ವರ್ಷಕ್ಕೇ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು, ಅನ್ನ ಕಲಸಿ ಬಾಯಿಗಿಟ್ಟರೆ ಮಾತ್ರ ಉಣ್ಣತೊಡಗಿದಳು. ಅಮ್ಮ ಗದರಲು ಹೊರಟಾಗ ತಡೆದೆ. ಸಂಜೆ ಅವಳು ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಕಿರಿಯಳನ್ನು ಅಮ್ಮನ ಮಡಿಲಿಗೆ ಕೊಟ್ಟು, ಬಾಗಿಲು ಹಾಕಿಕೊಂಡು ನಾವಿಬ್ಬರೇ ಇರುವುದೆಂದು ನಿಶ್ಚಯಿಸಿದೆ. ಹೆಚ್ಚಿನ ದಿನ ಅವಳು ಆ ಹೊತ್ತಿನಲ್ಲಿ ಏನನ್ನೂ ಆಡುತ್ತಿರಲಿಲ್ಲ, ನನ್ನ ತೊಡೆಯ ಮೇಲೆ ಕಾಲು ಹಾಕಿ ಮಲಗಿರುತ್ತಿದ್ದಳು. ಅದೇ ದಿನಗಳಲ್ಲಿ ಮಗುವಿನ ಒಂದು ಕುಲಾವಿ ಕಾಣೆಯಾಯಿತು. ಎರಡು ದಿನ ಹುಡುಕಿದ ಮೇಲೆ ಅವಳ ಶಾಲೆಯ ಚೀಲದ ತಳದಲ್ಲಿ ಸಿಕ್ಕಿತು. ಹೊಟ್ಟೆಕಿಚ್ಚಿಗೆ ಬಚ್ಚಿಟ್ಟಿದ್ದಾಳೆಂದು ನಾನೂ ಎಣಿಸಿದೆ. ಅವಳ ಟೀಚರಿಗೆ ಫೋನ್ ಮಾಡಿದರೆ, ಅದನ್ನು ತರಗತಿಯಲ್ಲಿ ಎಲ್ಲರಿಗೂ ತೋರಿಸಿ, ಯಾರಿಗೂ ಮುಟ್ಟಲು ಬಿಡದೆ ತಿರುಗಿ ಚೀಲದಲ್ಲಿ ಇಟ್ಟುಕೊಂಡಳೆಂದು ಅವರು ಹೇಳಿದರು. ಹಾಸಿಗೆ ಒದ್ದೆಯಾಗುವುದು ಮಾತ್ರ ನಿಲ್ಲಲು ಸೆಪ್ಟೆಂಬರ್ ಬಂತು.

ಆಗಸ್ಟ್ 3, ಗುರುವಾರ, ಕಿರಿಯಳಿಗೆ ನಲವತ್ತೈದನೆಯ ದಿನ. ನಗರ ಆರೋಗ್ಯ ಕೇಂದ್ರದಲ್ಲಿ ಗುರುವಾರ ಲಸಿಕೆಯ ದಿನ. ನನಗೂ ನನ್ನ ಕಾರ್ಡು ಬೇಕು ಎಂದು ಹಟ ಹಿಡಿದ ಹಿರಿಯಳ ಹಳೆಯ ತಾಯಿ ಕಾರ್ಡನ್ನೂ ಜೊತೆಗೆ ಒಯ್ದಿದ್ದೆ. ಅವಳ ಶಾಲೆಗೆ ಅರ್ಧ ದಿನ ರಜೆ ಹೇಳಿದ್ದೆವು. ನರ್ಸು ಕಿರಿಯಳ ಬಾಯಿಗೆ ಪೋಲಿಯೊ ಮತ್ತು ರೋಟಾ ಹನಿ ಹಾಕುವ ಮೊದಲು, ಆಟಕ್ಕೆಂಬಂತೆ ಹಿರಿಯಳ ಕಾರ್ಡನ್ನು ಬಿಡಿಸಿ ನೋಡಿದರು, ಆಮೇಲೆ ಆಟದ ಮುಖ ಬಿಟ್ಟು, "ಇವಳದ್ದು ಐದು ವರ್ಷದ ಡಿಪಿಟಿ ಬೂಸ್ಟರ್ ಎಲ್ಲಿ ಹಾಕಿಸಿದ್ರಿ?" ಎಂದು ಕೇಳಿದರು. ಎಲ್ಲಿಯೂ ಹಾಕಿಸಿರಲಿಲ್ಲ. ಐದು ತುಂಬಿದ್ದು ಕಳೆದ ನವೆಂಬರಿನಲ್ಲಿ, ಅಂದರೆ ನಾವಿಬ್ಬರೂ ಟ್ರಂಕು ಇಳಿಸಿ ಬಿಲ್ಲು ಹುಡುಕುತ್ತಿದ್ದ ಅದೇ ತಿಂಗಳಿನಲ್ಲಿ. ಆರು ವರ್ಷದೊಳಗೆ ಹಾಕಬಹುದು, ಈಗಲೇ ಹಾಕುತ್ತೇನೆ ಎಂದರು ನರ್ಸು. ನಾನು ಹಿರಿಯಳ ಮುಖ ನೋಡಿದೆ. ಅವಳು ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಸರಿದು, ಸಮವಸ್ತ್ರದ ತೋಳನ್ನು ತಾನೇ ಮೇಲಕ್ಕೆ ಮಡಿಚಿಕೊಂಡು, "ಮೊದಲು ನನಗೆ ಹಾಕಿ, ಪಾಪು ನೋಡಲಿ" ಎಂದಳು. ಸೂಜಿ ತಾಗಿದಾಗ ಕಣ್ಣು ತುಂಬಿಕೊಂಡವು. "ಆ ಅಜ್ಜ ಅಳಲಿಲ್ಲ ಅಂದ್ಯಲ್ಲ?" ಎಂದು ನನ್ನನ್ನು ಕೇಳಿದಳು. ಇಲ್ಲವಂತೆ ಎಂದೆ. "ಸುಳ್ಳು" ಎಂದು ಹೇಳಿ, ತಂಗಿಯ ಕಾಲನ್ನು ಹಿಡಿದುಕೊಳ್ಳಲು ಎದ್ದು ನಿಂತಳು.